ಓದುಗರ ಪ್ರಶ್ನೆಗೆ ಉತ್ತರ: ಪನೋರಮಾ ತಂತ್ರಾಂಶ ವಿಂಡೋಸ್‌ನಲ್ಲಿ ಮುಗ್ಗರಿಸುವುದೇಕೆ?

ಹಲವು ಚಿತ್ರಗಳನ್ನು ಜೋಡಿಸಿ ಒಂದೇ ವಿಶಾಲ ಚಿತ್ರವನ್ನಾಗಿಸುವ ‘ಹ್ಯೂಗಿನ್’ ಎಂಬ ಮುಕ್ತ ತಂತ್ರಾಂಶವನ್ನು ಕಳೆದ ಸಂಚಿಕೆಯಲ್ಲಿ ಪರಿಚಯಿಸಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಂಡೋಸ್ ಬಳಸುವವರವು, ಮತ್ತು ಅವುಗಳಲ್ಲಿ ಹೊಗಳಿಕೆಗಿಂತ ದೂರೇ ಹೆಚ್ಚು. ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಂಜನಾದ್ರಿ ಬೆಟ್ಟದ ತುದಿಯಿಂದ ತೆಗೆದ ಹದಿನಾಲ್ಕು ಚಿತ್ರಗಳನ್ನು ಜೋಡಿಸಲು ಹೊಸ ಆವೃತ್ತಿಯನ್ನು ಹುಡುಕುತ್ತಿದ್ದೆ. ಲಿನಕ್ಸ್ ಬಳಸುವ ಗೆಳೆಯರಲ್ಲಿ ಅದು ಆಗಲೇ ಓಡುತ್ತಿತ್ತು. ವಿಂಡೋಸ್‌ಗೆಂದು ಯಾರೋ ಕಟ್ಟಿಟ್ಟಿದ್ದ ಪರೀಕ್ಷಾ ಆವೃತ್ತಿಯನ್ನು ಇಳಿಸಿಕೊಂಡರೆ ತೆರೆಯುವಾಗಲೇ ತಂತ್ರಾಂಶ ಓಡಲು ಬೇಕಾದ ‘ಡಿಎಲ್ಎಲ್’ ಎಂಬ ಸಹಾಯಕ ಕಡತ ಕಾಣುತ್ತಿಲ್ಲ ಎಂದಿತು. ಆ ಕಡತವನ್ನು ಬೇರೊಂದು ಕಡೆಯಿಂದ ತಂದು ಹಾಕಿದ ಮೇಲೆ ತೆರೆದುಕೊಂಡಿತಾದರೂ ಜೋಡಣೆಯ ನಡುವೆ ತಾನಾಗಿಯೇ ಮುಚ್ಚಿಹೋಯಿತು. ಮೂಲ ಸಂಕೇತ (ಸೋರ್ಸ್ ಕೋಡ್) ಒಂದೇ ಆಗಿರುವಾಗ ಅಲ್ಲಿ ಓಡುವುದು ಇಲ್ಲೇಕೆ ಬೀಳುತ್ತದೆ? – ಸ್ಟುಡಿಯೊ ಮಾಲೀಕರು, ಗಂಗಾವತಿ

ಉತ್ತರ: ಮೂಲ ಸಂಕೇತವನ್ನು ಬರೆದು ಮುಗಿಸುವುದು ಒಂದು ಕೆಲಸ, ಅದರಿಂದ ಎಲ್ಲರ ಕಂಪ್ಯೂಟರಿನಲ್ಲಿಯೂ ನಿಲ್ಲುವ ವಿಂಡೋಸ್ ಇನ್‌ಸ್ಟಾಲರ್ ಕಟ್ಟುವುದು ಅದಕ್ಕಿಂತ ಬೇರೆಯೇ ಆದ ಇನ್ನೊಂದು ಕೆಲಸ. ನಿಮ್ಮ ಗೆಳೆಯರ ಲಿನಕ್ಸ್‌ನಲ್ಲಿ ಈ ಎರಡನೆಯ ಕೆಲಸವನ್ನು ಡೆಬಿಯನ್, ಫೆಡೋರಾದಂತಹ ವಿತರಣೆಗಳ ಸ್ವಯಂಸೇವಕರು ಮೊದಲೇ ಮಾಡಿಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಹಾಗೆ ಕಾಯ್ದುಕೊಡುವ ಮಧ್ಯದ ಮಂದಿ ಇಲ್ಲ; ತಂತ್ರಾಂಶವು ತನಗೆ ಬೇಕಾದುದನ್ನೆಲ್ಲ ತಾನೇ ಹೊತ್ತುಕೊಂಡು ಬರಬೇಕು, ಆ ಹೊರೆ ಯೋಜನೆಯ ಒಬ್ಬಿಬ್ಬರ ಹೆಗಲಿಗೆ ಬೀಳುತ್ತದೆ.

ಹೊರೆ ಎಷ್ಟೆಂದು ತಿಳಿಯಲು ಒಳಗೆ ಏನಿದೆ ಎಂದು ನೋಡಬೇಕು. ಚಿತ್ರವನ್ನು ಬಾಗಿಸಿ ಸರಿಯಾದ ಜಾಗಕ್ಕೆ ಕೂರಿಸುವ ಗಣಿತವು ಜರ್ಮನಿಯ ಫುರ್ಟ್‌ವಾಂಗನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಹೆಲ್ಮುಟ್ ಡರ್ಶ್ ಅವರು 1998ರಲ್ಲಿ ಆರಂಭಿಸಿದ ‘ಪನೋರಮಾ ಟೂಲ್ಸ್’ನಿಂದ ಬಂದದ್ದು. ಅದರ ಮೇಲೆ ಕಿಟಕಿ, ಗುಂಡಿಗಳನ್ನೆಲ್ಲ ಕಟ್ಟಿ ಪಾಬ್ಲೊ ಡಿ’ಆಂಜೆಲೊ ಅವರು 2003ರಲ್ಲಿ ಹ್ಯೂಗಿನ್ ಆರಂಭಿಸಿದರು. ಎರಡು ಚಿತ್ರಗಳ ನಡುವಿನ ಅಂಚು ಕಾಣದಂತೆ ಬೆರೆಸುವ ‘ಎನ್‌ಬ್ಲೆಂಡ್’ ಆಂಡ್ರ್ಯೂ ಮಿಹಾಲ್ ಅವರು ಬರೆದ ಪ್ರತ್ಯೇಕ ತಂತ್ರಾಂಶ. ಚಿತ್ರದೊಳಗಿನ ಕ್ಯಾಮೆರಾ ಮಾಹಿತಿಯನ್ನು ಪ್ರತಿಗೆ ಅಂಟಿಸುವ ‘ಎಕ್ಸಿಫ್‌ಟೂಲ್’ ಪರ್ಲ್ ಭಾಷೆಯದು. ಇವುಗಳ ಕೆಳಗೆ ಡಬ್ಲ್ಯುಎಕ್ಸ್‌ವಿಜೆಟ್ಸ್, ಬೂಸ್ಟ್, ವಿಗ್ರಾ, ಎಕ್ಸಿವ್2, ಬಣ್ಣ ನೋಡಿಕೊಳ್ಳುವ ಲಿಟ್ಲ್ ಸಿಎಂಎಸ್, ಟಿಫ್ ಮತ್ತು ಪಿಎನ್‌ಜಿ ಓದುವ ಲೈಬ್ರರಿಗಳು, ಅಂದರೆ ಬೇರೆ ತಂತ್ರಾಂಶಗಳು ಎರವಲು ಪಡೆಯುವ ಸಿದ್ಧ ಸಂಕೇತದ ಕಟ್ಟುಗಳು. ಪ್ರತಿಯೊಂದಕ್ಕೂ ಬೇರೆ ಬೇರೆ ತಂಡ, ಬೇರೆ ಬೇರೆ ಬಿಡುಗಡೆಯ ದಿನ. 2023ರಲ್ಲಿ ಎಕ್ಸಿವ್2 ತನ್ನ 0.28ನೆಯ ಆವೃತ್ತಿಯಲ್ಲಿ ಕೆಲವು ಫಂಕ್ಷನ್‌ಗಳ ಹೆಸರನ್ನೇ ಬದಲಿಸಿದಾಗ, ಅದನ್ನು ನೆಚ್ಚಿದ್ದ ತಂತ್ರಾಂಶಗಳು ತಮ್ಮದೇನೂ ತಪ್ಪಿಲ್ಲದೆ ತಮ್ಮ ಸಂಕೇತವನ್ನು ತಿದ್ದಿಕೊಳ್ಳಬೇಕಾಯಿತು.

ಬಳ್ಳಾರಿಯ ಜೀನ್ಸ್ ಘಟಕಗಳನ್ನು ಕಂಡವರಿಗೆ ಇದು ಹೊಸದಲ್ಲ. ಬಟ್ಟೆ ಒಂದು ಕಡೆಯದು, ಜಿಪ್ ಮತ್ತೊಂದು ಕಡೆಯದು, ದಾರ ಮಗದೊಂದು ಕಡೆಯದು. ಬಿಡಿಯಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ, ವಾಷಿಂಗ್‌ಗೆ ಹಾಕಿದಾಗ ಬಟ್ಟೆಗಿಂತ ದಾರ ಹೆಚ್ಚು ಕುಗ್ಗಿದರೆ ಹೊಲಿಗೆಯ ಸಾಲೆಲ್ಲ ಸುಕ್ಕುಗಟ್ಟುತ್ತದೆ. ನಿಮ್ಮ ಪರೀಕ್ಷಾ ಆವೃತ್ತಿ ಸುಕ್ಕುಗಟ್ಟಿದ್ದೂ ಹೊಲಿಗೆಯಲ್ಲಿಯೇ. ವಿಂಡೋಸ್‌ನ ಸಿ ಪ್ಲಸ್ ಪ್ಲಸ್ ಕಂಪೈಲರಿಗೆ (ಮೂಲ ಸಂಕೇತವನ್ನು ಓಡುವ ಕಡತವಾಗಿಸುವ ತಂತ್ರಾಂಶಕ್ಕೆ) ಜೊತೆಯಾಗಿ ‘ರನ್‌ಟೈಮ್’ ಎಂಬ ಲೈಬ್ರರಿ ಇರುತ್ತದೆ, ಮೆಮೊರಿಯನ್ನು ಕೇಳಿ ಪಡೆಯುವುದೂ ಹಿಂದಿರುಗಿಸುವುದೂ ಅದರ ಮೂಲಕವೇ. ಆ ಕಂಪೈಲರ್ ಬರುವ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೊದಲ್ಲಿ 2015ಕ್ಕಿಂತ ಹಿಂದಿನ ಪ್ರತಿ ಆವೃತ್ತಿಗೂ ಪ್ರತ್ಯೇಕ ರನ್‌ಟೈಮ್ ಇತ್ತು. 2015ರಿಂದ 2022ರವರೆಗಿನವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಒಂದು ಭಾಗವನ್ನು ಒಂದು ರನ್‌ಟೈಮಿನೊಂದಿಗೆ, ಇನ್ನೊಂದು ಭಾಗವನ್ನು ಬೇರೊಂದರೊಂದಿಗೆ ಕಟ್ಟಿದ್ದರೆ, ಇಲ್ಲಿ ಪಡೆದ ಮೆಮೊರಿಯನ್ನು ಅಲ್ಲಿ ಹಿಂದಿರುಗಿಸುವ ಗಳಿಗೆಯಲ್ಲಿ ತಂತ್ರಾಂಶ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಟ್ಟಿದವರ ಕಂಪ್ಯೂಟರಿನಲ್ಲಿ ಎಲ್ಲ ಡಿಎಲ್ಎಲ್‌ಗಳೂ ಮೊದಲೇ ಇರುವುದರಿಂದ, ಪೊಟ್ಟಣಕ್ಕೆ ಒಂದನ್ನು ಸೇರಿಸಲು ಮರೆತರೂ ಅವರಿಗೆ ಗೊತ್ತಾಗುವುದಿಲ್ಲ; ಅದು ಗೊತ್ತಾಗುವುದು ನಿಮ್ಮಂಥವರಿಗೆ.

ಕಾಣೆಯಾದ ಡಿಎಲ್ಎಲ್ ಅನ್ನು ಸಿಕ್ಕ ತಾಣದಿಂದ ತಂದು ಹಾಕಿದ್ದು ಮಾತ್ರ, ಬೇಸರಿಸಬೇಡಿ, ನೀವು ಮಾಡಬಾರದಿದ್ದ ಕೆಲಸ. ಅದು ಯಾವ ಆವೃತ್ತಿಯದು, ಅದರೊಳಗೆ ಇನ್ನೇನು ಸೇರಿದೆ ಎಂದು ಹೇಳುವವರಿಲ್ಲ. ಆ ಆವೃತ್ತಿಯನ್ನೂ ತಂದ ಕಡತವನ್ನೂ ತೆಗೆದುಹಾಕಿ. ಮೈಕ್ರೋಸಾಫ್ಟ್ ತಾಣದಿಂದಲೇ ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮಿನ 64 ಬಿಟ್ ಪೊಟ್ಟಣವನ್ನು ಹಾಕಿಕೊಂಡು, ಅನಂತರ ಹ್ಯೂಗಿನ್ ಯೋಜನೆಯೇ ಕೊಡುವ ಸ್ಥಿರ ಆವೃತ್ತಿಯ ಎಂಎಸ್ಐ ಇನ್‌ಸ್ಟಾಲರನ್ನು ಬಳಸಿ. ಹಳೆಯ ಆಯ್ಕೆಗಳು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ತಂತ್ರಾಂಶಗಳ ಆಯ್ಕೆಗಳನ್ನು ಬರೆದಿಡುವ ಕಡತದಲ್ಲಿ) ಉಳಿದಿರುವ ಸಂಭವವಿದೆ. ಆದ್ದರಿಂದ ಆಯ್ಕೆಗಳ ಕಿಟಕಿಗೆ ಹೋಗಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ ಗುಂಡಿಯನ್ನು ಒತ್ತಿ. ಆಗಲೂ ಜೋಡಣೆಯ ನಡುವೆ ಮುಚ್ಚಿಕೊಂಡರೆ, ಗ್ರಾಫಿಕ್ಸ್ ಕಾರ್ಡ್ ಬಳಸುವ ಆಯ್ಕೆಗೆ ಗುರುತು ಹಾಕಿದ್ದರೆ ಅದನ್ನು ತೆಗೆದು ನೋಡಿ. ಗ್ರಾಫಿಕ್ಸ್ ಡ್ರೈವರುಗಳು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ತರಹ ಇರುವುದರಿಂದ, ಬಿಡುಗಡೆಗೆ ಮುನ್ನ ಅವೆಲ್ಲವನ್ನೂ ಪರೀಕ್ಷಿಸಿ ನೋಡುವುದು ಯಾವ ಸ್ವಯಂಸೇವಕರಿಗೂ ಸಾಧ್ಯವಿಲ್ಲ.

ಪ್ರಶ್ನೆ: ರಾಯಚೂರು ಕೋಟೆಯ ಗೋಡೆಯಲ್ಲಿರುವ ಉದ್ದನೆಯ ಶಾಸನಕಲ್ಲನ್ನು ಮಕ್ಕಳಿಗೆ ತೋರಿಸಲೆಂದು ತುಂಡು ತುಂಡಾಗಿ ಚಿತ್ರ ತೆಗೆದು ‘ಕೋಟೆ ಶಾಸನ’ ಎಂಬ ಫೋಲ್ಡರಿನಲ್ಲಿ ಹಾಕಿದೆ. ಮುನ್ನೋಟದಲ್ಲಿ ಎಲ್ಲವೂ ಸೊಗಸಾಗಿ ಕೂಡಿಕೊಂಡಂತೆ ಕಾಣುತ್ತದೆ. ಕೊನೆಯ ಜೋಡಣೆಗೆ ಒತ್ತಿದರೆ ‘ಕಡತ ತೆರೆಯಲಾಗುತ್ತಿಲ್ಲ’ ಎನ್ನುತ್ತದೆ. ಕಡತ ಕಣ್ಣೆದುರಿಗೇ ಇದೆ! – ಪ್ರೌಢಶಾಲಾ ಶಿಕ್ಷಕರು, ರಾಯಚೂರು

ಉತ್ತರ: 1294ರ ಆ ಕಲ್ಲು ನಲವತ್ತೊಂದು ಅಡಿಗೂ ಮಿಕ್ಕಿ ಉದ್ದವಿರುವುದರಿಂದ ತಾವು ತುಂಡು ತುಂಡಾಗಿ ತೆಗೆದದ್ದು ಸರಿಯಾದ ಕ್ರಮವೇ. ಚಿತ್ರಗಳಲ್ಲಿ ದೋಷವಿಲ್ಲ, ತೊಡಕು ಇರುವುದು ಫೋಲ್ಡರಿನ ಹೆಸರಿನಲ್ಲಿ.

ಪಶ್ಚಿಮದ ಭಾಷೆಗಳಿಗೂ ಜಪಾನೀ, ಚೀನೀ ಭಾಷೆಗಳಿಗೂ ವಿಂಡೋಸ್‌ನಲ್ಲಿ ‘ಕೋಡ್ ಪೇಜ್’ ಎಂಬ ಹಳೆಯ ಅಕ್ಷರಪಟ್ಟಿಗಳಿವೆ. ಕನ್ನಡಕ್ಕೆ ಇಡೀ ವಿಂಡೋಸ್‌ಗೆ ಆರಿಸಿಕೊಳ್ಳಬಹುದಾದ ಅಂಥ ಪಟ್ಟಿ ಎಂದೂ ಇರಲಿಲ್ಲ; ನಮ್ಮ ಲಿಪಿ ವಿಂಡೋಸ್‌ನೊಳಗೆ ಬಂದದ್ದೇ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡ್‌ನ ಮೂಲಕ. ತಂತ್ರಾಂಶದ ಮುಖ್ಯ ಕಿಟಕಿ ಯೂನಿಕೋಡ್ ಬಲ್ಲದ್ದಾದ್ದರಿಂದ ಮುನ್ನೋಟದಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಆದರೆ ಕೊನೆಯ ಜೋಡಣೆಯ ಹೊತ್ತಿಗೆ ಅದು ಚಿತ್ರಗಳ ಹೆಸರುಗಳನ್ನು ಬೇರೆ ಸಣ್ಣ ತಂತ್ರಾಂಶಗಳಿಗೆ ದಾಟಿಸುತ್ತದೆ, ಆ ಸಣ್ಣವುಗಳಲ್ಲಿ ಒಂದು ಹಳೆಯ ಕ್ರಮದಲ್ಲಿ ಕಟ್ಟಿದ್ದಾಗಿದ್ದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಅದರ ಕೈಸೇರುತ್ತವೆ. ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆಗೆ ಜಾಗವೇ ಇಲ್ಲ! ಹೀಗಾಗಿ ಅದು ಇರಲಾರದ ಕಡತವೊಂದನ್ನು ಹುಡುಕಿ ‘ಸಿಗಲಿಲ್ಲ’ ಎನ್ನುತ್ತದೆ. ಲಿನಕ್ಸ್‌ನಲ್ಲಿ ಕಡತದ ಹೆಸರು ಬರಿಯ ಬೈಟುಗಳ ಸಾಲಾಗಿರುವುದರಿಂದ ಸಾಮಾನ್ಯವಾಗಿ ಅದು ಕೆಡದೆ ದಾಟುತ್ತದೆ. ಅಲ್ಲಿ ಕುಳಿತು ಸಂಕೇತ ಬರೆಯುವವರಿಗೆ ಈ ದೋಷ ಕಣ್ಣಿಗೆ ಬೀಳುವುದಿಲ್ಲ, ಇಂಗ್ಲಿಷ್ ಹೆಸರುಗಳನ್ನೇ ಕೊಟ್ಟು ವಿಂಡೋಸ್‌ನಲ್ಲಿ ಪರೀಕ್ಷಿಸುವವರಿಗೂ ಬೀಳುವುದಿಲ್ಲ. 2019ರ ಮೇ ತಿಂಗಳಿನ ವಿಂಡೋಸ್ 10 ಪರಿಷ್ಕರಣೆಯಿಂದ ಈಚೆಗೆ, ತಾನು ಯೂನಿಕೋಡ್‌ನ ಬೈಟು ರೂಪವಾದ ಯುಟಿಎಫ್-8 ಬಳಸುತ್ತೇನೆಂದು ಒಂದು ತಂತ್ರಾಂಶ ಮೊದಲೇ ಘೋಷಿಸಿಕೊಳ್ಳುವ ಅವಕಾಶವಿದೆ. ಆದರೆ ಪೊಟ್ಟಣದೊಳಗಿನ ಪ್ರತಿಯೊಂದು ತಂತ್ರಾಂಶವೂ ಹಾಗೆ ಘೋಷಿಸಿಕೊಂಡಿರಬೇಕು, ಒಂದು ತಪ್ಪಿದರೂ ಸರಪಳಿ ಅಲ್ಲಿಗೆ ಕಡಿಯುತ್ತದೆ.

ದೂರವಾಣಿಯಲ್ಲಿ ಸೂಚಿಸಿದಂತೆ ಫೋಲ್ಡರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟು ಡಿ ಡ್ರೈವಿನ ಮೊದಲ ಹಂತಕ್ಕೇ ತಂದ ಮೇಲೆ ಜೋಡಣೆ ಮುಗಿಯಿತೆಂದು ಶಿಕ್ಷಕರು ತಿಳಿಸಿದ್ದಾರೆ. ಮೊದಲ ಹಂತಕ್ಕೆ ತರಲು ಹೇಳಿದ್ದಕ್ಕೂ ಕಾರಣವಿದೆ: ಡ್ರೈವಿನಿಂದ ಕಡತದವರೆಗಿನ ಪೂರ್ತಿ ವಿಳಾಸ 260 ಅಕ್ಷರಗಳನ್ನು ಮೀರಿದರೆ ಹಳೆಯ ಕ್ರಮದ ತಂತ್ರಾಂಶಗಳಿಗೆ ಅದು ದಕ್ಕುವುದಿಲ್ಲ. ವಿಂಡೋಸ್ ಖಾತೆಗೇ ಕನ್ನಡದಲ್ಲಿ ಹೆಸರಿಟ್ಟುಕೊಂಡವರು ಇನ್ನೊಂದನ್ನು ಗಮನಿಸಬೇಕು. ತಾತ್ಕಾಲಿಕ ಕಡತಗಳು ಆ ಖಾತೆಯ ಫೋಲ್ಡರಿನೊಳಗೇ ಹುಟ್ಟುವುದರಿಂದ, ಹ್ಯೂಗಿನ್‌ನ ಆಯ್ಕೆಗಳಲ್ಲಿ ತಾತ್ಕಾಲಿಕ ಫೋಲ್ಡರಿಗೆ ಬೇರೆ ಜಾಗವನ್ನು ಸೂಚಿಸಬೇಕು. ಕನ್ನಡದ ಹೆಸರಿಡಬೇಡಿ ಎಂದು ಕನ್ನಡ ಪತ್ರಿಕೆಯಲ್ಲಿ ಬರೆಯಲು ನನಗೂ ಮುಜುಗರವೇ.

ಪ್ರಶ್ನೆ: ಬಳ್ಳಾರಿ ಗುಡ್ಡದ ಮೇಲಿನ ಕೋಟೆಯಿಂದ ಸುತ್ತಲ ನೋಟವನ್ನು ಪೂರ್ತಿ ಗೋಲಾಕಾರದಲ್ಲಿ ಜೋಡಿಸುವಾಗ ನನ್ನ ಹಳೆಯ 32 ಬಿಟ್ ಲ್ಯಾಪ್‌ಟಾಪ್‌ನಲ್ಲಿ ಮೆಮೊರಿ ಸಾಲದೆಂಬ ಸಂದೇಶ ಬರುತ್ತದೆ. ಹೊಸ ಆವೃತ್ತಿಯಂತೂ ಅದರಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ. – ನಿವೃತ್ತ ಬ್ಯಾಂಕ್ ನೌಕರರು, ಬಳ್ಳಾರಿ

ಉತ್ತರ: ಲೆಕ್ಕದಲ್ಲಿ ಪಳಗಿದವರಿಗೆ ಲೆಕ್ಕದಲ್ಲಿಯೇ ಹೇಳುತ್ತೇನೆ. ಅಗಲ 16,000, ಎತ್ತರ 8,000 ಚುಕ್ಕಿಗಳ (ಪಿಕ್ಸೆಲ್‌ಗಳ) ಚಿತ್ರವೆಂದರೆ 12.8 ಕೋಟಿ ಚುಕ್ಕಿಗಳು. ಮೂರು ಬಣ್ಣ, ಬಣ್ಣವೊಂದಕ್ಕೆ 16 ಬಿಟ್ ಎಂದರೆ ಚುಕ್ಕಿಗೆ 6 ಬೈಟು. ಒಂದೇ ಪ್ರತಿಗೆ 76.8 ಕೋಟಿ ಬೈಟು ಬೇಕು. ಅಂಚು ಬೆರೆಸುವಾಗ ಇಂಥ ಮೂರು ಪ್ರತಿಗಳು ಒಟ್ಟಿಗೆ ಮೆಮೊರಿಯಲ್ಲಿದ್ದರೂ 230 ಕೋಟಿ ದಾಟುತ್ತದೆ. 32 ಬಿಟ್ ವಿಂಡೋಸ್ ಒಂದು ತಂತ್ರಾಂಶಕ್ಕೆ ಸಾಮಾನ್ಯವಾಗಿ ಕೊಡುವುದೇ 2 ಗಿಗಾಬೈಟ್. ಇನ್ನಷ್ಟು ಮೆಮೊರಿ ಕೊಂಡು ಹಾಕಿದರೂ ಈ ಗಡಿ ಜರುಗುವುದಿಲ್ಲ. ಎರಡೂ ಬಗೆಯ ಇನ್‌ಸ್ಟಾಲರ್ ಕೊಡಬೇಕೆಂದರೆ ಮೇಲೆ ಹೇಳಿದ ಲೈಬ್ರರಿಗಳನ್ನೆಲ್ಲ ಎರಡೆರಡು ಬಾರಿ ಕಟ್ಟಿ ಎರಡೆರಡು ಬಾರಿ ಪರೀಕ್ಷಿಸಬೇಕಾಗುತ್ತದೆ. ಹೀಗಾಗಿ ಈಚಿನ ಹ್ಯೂಗಿನ್ ಇನ್‌ಸ್ಟಾಲರುಗಳು 64 ಬಿಟ್‌ನವು ಮಾತ್ರ. ಹಳೆಯ ಆವೃತ್ತಿಯಲ್ಲಿಯೇ ಇದ್ದುಕೊಂಡು, 8 ಬಿಟ್ ಚಿತ್ರಗಳನ್ನು ಕೊಟ್ಟು, ಅಗಲವನ್ನು 8,000 ಚುಕ್ಕಿಗೆ ಇಳಿಸಿ. ಒಂದು ಪ್ರತಿ 10 ಕೋಟಿ ಬೈಟಿನೊಳಗೆ ಬರುತ್ತದೆ.

ಪ್ರಶ್ನೆ: ಇನ್‌ಸ್ಟಾಲರ್ ತೆರೆದರೆ ನೀಲಿ ಎಚ್ಚರಿಕೆ ಬರುತ್ತದೆ. ವೈರಸ್ಸೇ? – ಸಿಂಧನೂರಿನ ಓದುಗರು

ಉತ್ತರ: ಪ್ರಕಾಶಕರು ಯಾರೆಂದು ವಿಂಡೋಸ್‌ಗೆ ಗೊತ್ತಿಲ್ಲ ಎಂಬುದಷ್ಟೇ ಆ ಸಂದೇಶದ ಅರ್ಥ. ಗುರುತು ಸಿಗಬೇಕಾದರೆ ಡಿಜಿಟಲ್ ಸಹಿಯ ಪ್ರಮಾಣಪತ್ರವನ್ನು ಹಣ ಕೊಟ್ಟು ಪಡೆದು ಆಗಾಗ ನವೀಕರಿಸುತ್ತಿರಬೇಕು. 2023ರ ಜೂನ್‌ನಿಂದ ಸಹಿಯ ಕೀಲಿಯನ್ನು ಪ್ರತ್ಯೇಕ ಸುರಕ್ಷಾ ಸಾಧನದಲ್ಲಿಯೇ ಇಡಬೇಕೆಂಬ ನಿಯಮವೂ ಬಂದಿದೆ. ಪುಕ್ಕಟೆ ಹಂಚುವವರಿಗೆ ಇದು ಕೈಸುಡುವ ಖರ್ಚು. ಕಡತವು ಯೋಜನೆಯ ಸ್ವಂತ ಪುಟದಿಂದ ಬಂದದ್ದಾಗಿದ್ದರೆ ಹೆಚ್ಚಿನ ಮಾಹಿತಿಯ ಕೊಂಡಿ ಒತ್ತಿ ಮುಂದುವರಿಯಬಹುದು. ಬೇರೆಡೆಯಿಂದ ಬಂದದ್ದಾದರೆ ಅಳಿಸಿಬಿಡಿ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ವಿಂಡೋಸ್ ಆವೃತ್ತಿ ಕಟ್ಟುವವರಿಗೆ ನೆರವಾಗುವುದು ಹೇಗೆ? ಹಳೆಯ ಕೈಪಿಡಿಯೊಂದು ‘ಆಟೊಪ್ಯಾನೊ’ ಎಂಬುದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಲು ಹೇಳುತ್ತದೆ, ಅದೂ ಬೇಕೇ? – ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಆಟೊಪ್ಯಾನೊ ಈಗ ಬೇಡ. ಚಿತ್ರಗಳ ನಡುವೆ ಸಮಾನ ಬಿಂದುಗಳನ್ನು ಹುಡುಕುವ ‘ಸಿಫ್ಟ್’ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಇದ್ದುದರಿಂದ ಹಿಂದೆ ಅದನ್ನು ಪೊಟ್ಟಣದಿಂದ ಹೊರಗಿಟ್ಟಿದ್ದರು. 2010.4ನೆಯ ಆವೃತ್ತಿಯಿಂದ ಪೇಟೆಂಟಿನ ಗೊಡವೆಯಿಲ್ಲದ ‘ಸಿಪಿಫೈಂಡ್’ ಜೊತೆಗೇ ಬರುತ್ತಿದೆ. ಆ ಪೇಟೆಂಟಿನ ಅವಧಿಯೂ 2020ರಲ್ಲಿ ಮುಗಿದಿದೆ.

ನೆರವಿನ ಮಾತಿಗೆ ಬಂದರೆ, ಮೊದಲು ಬಿಡುಗಡೆಯಾಗಿಹೋದ ಒಂದು ಆವೃತ್ತಿಯನ್ನೇ ಕಟ್ಟುವ ಸಲಕರಣೆಯಾದ ಸಿಮೇಕ್ ಮತ್ತು ವಿಷುಯಲ್ ಸ್ಟುಡಿಯೊ ಬಳಸಿ ನೀವೇ ಕಟ್ಟಿ ನೋಡಿ. ಓಡುವುದೆಂದು ಗೊತ್ತಿರುವ ಸಂಕೇತವನ್ನು ಕಟ್ಟುವಾಗ ತಪ್ಪು ನಿಮ್ಮ ಕಡೆಯದೇ ಎಂದು ಹಿಡಿಯುವುದು ಸುಲಭ. ಅನಂತರ, ಹೊಸ ಆವೃತ್ತಿಯ ಬೀಟಾ ಅಥವಾ ರಿಲೀಸ್ ಕ್ಯಾಂಡಿಡೇಟ್ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಬಂದ ದಿನಗಳಲ್ಲಿ, ಅಭಿವೃದ್ಧಿಯ ಯಾವ ಸಲಕರಣೆಯೂ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಹಾಕಿ, ಕನ್ನಡದ ಹೆಸರಿರುವ ಫೋಲ್ಡರಿನಿಂದಲೇ ಚಿತ್ರಗಳನ್ನು ಜೋಡಿಸಿ. ಕೆಟ್ಟರೆ ಲಾಂಚ್‌ಪ್ಯಾಡ್ ತಾಣದಲ್ಲಿರುವ ಹ್ಯೂಗಿನ್‌ನ ದೋಷಪಟ್ಟಿಗೆ ವರದಿ ಬರೆಯಿರಿ. ‘ಕ್ರ್ಯಾಶ್ ಆಗುತ್ತಿದೆ’ ಎಂಬ ಒಂದೇ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ತಂತ್ರಾಂಶದ ಪೂರ್ತಿ ಆವೃತ್ತಿ ಸಂಖ್ಯೆ, ವಿಂಡೋಸ್‌ನ ಆವೃತ್ತಿ, ಯಾವ ಹಂತದಲ್ಲಿ ನಿಂತಿತು, ಆಗ ಪರದೆಯಲ್ಲಿ ಬಂದ ಕೊನೆಯ ಸಾಲುಗಳು ಇಷ್ಟನ್ನೂ ಬರೆದು, ದೋಷ ಮರುಕಳಿಸುವ ಎರಡು ಚಿಕ್ಕ ಚಿತ್ರಗಳನ್ನೂ ಅವುಗಳ ಜೋಡಣೆಯ ವಿವರವಿರುವ ಹ್ಯೂಗಿನ್‌ನ ಪಿಟಿಒ ಕಡತವನ್ನೂ ಲಗತ್ತಿಸಿ.