ಸಂಘ ಯಾರದು: ಸದಸ್ಯರದೋ, ಚಾರಿಟಿ ಕಮಿಷನರದೋ?

ಪ್ರಶ್ನೆ: ಮುಂಬಯಿ ಉಪನಗರದಲ್ಲಿ ನಮ್ಮದೊಂದು ಹಳೆಯ ಕನ್ನಡ ಸಂಘ. ಮಹಾಸಭೆಯಲ್ಲಿ ಹೊಸ ಸಮಿತಿ ಆರಿಸಿ ಬಂದಿದೆ. ‘ಚಾರಿಟಿ ಕಮಿಷನರ್ (ಸಾರ್ವಜನಿಕ ಟ್ರಸ್ಟುಗಳ ಮೇಲ್ವಿಚಾರಣೆಯ ಸರ್ಕಾರಿ ಅಧಿಕಾರಿ) ಒಪ್ಪುವ ತನಕ ನಾವೇ’ ಎಂದು ಹಳಬರು ಲೆಕ್ಕಪುಸ್ತಕ ಬಿಟ್ಟುಕೊಡುತ್ತಿಲ್ಲ. ನಾವೇ ಆರಿಸಿದ ಸಮಿತಿಗೆ ಸರ್ಕಾರದ ಮುದ್ರೆ ಏಕೆ?

ಉತ್ತರ: ಹಳಬರ ವಾದ ನಿಲ್ಲುವುದಿಲ್ಲ. ಅಧಿಕಾರ ಬರುವುದು ಚುನಾವಣೆಯಿಂದ. ಚೇಂಜ್ ರಿಪೋರ್ಟ್, ಅಂದರೆ ಪದಾಧಿಕಾರಿಗಳು ಬದಲಾದರೆಂದು ಕಮಿಷನರ್ ಕಚೇರಿಗೆ ಕೊಡುವ ವರದಿ, ಇತ್ಯರ್ಥವಾಗುವ ತನಕ ಹೊಸಬರು ಕೈಕಟ್ಟಿ ಕೂರಬೇಕಿಲ್ಲವೆಂದು ಬಾಂಬೆ ಹೈಕೋರ್ಟ್ ಹೇಳಿದೆ. ಆದರೆ ಬ್ಯಾಂಕಿನವರು ಸಾಮಾನ್ಯವಾಗಿ ಕೇಳುವುದು ಶೆಡ್ಯೂಲ್ 1ರ ಉತಾರ, ಅಂದರೆ ಸಂಘದ ಪದಾಧಿಕಾರಿಗಳ ಹೆಸರಿರುವ ಸರ್ಕಾರಿ ದಾಖಲೆಯ ನಕಲು. ಅದರಲ್ಲಿ ಹಳಬರ ಹೆಸರೇ ಇದ್ದರೆ ಚೆಕ್ಕಿಗೆ ನಿಮ್ಮ ಸಹಿ ನಡೆಯದು.

ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯಡಿ ನೋಂದಾದ ಇಂಥ ಸಂಘಗಳು 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆಗೂ ಒಳಪಡುತ್ತವೆ. ಅದರ 22ನೇ ಕಲಮಿನ ಪ್ರಕಾರ ಬದಲಾವಣೆಯಾದ 90 ದಿನದೊಳಗೆ ವರ್ಲಿಯ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ದಿನ ಮೀರಿದ್ದರೆ ಕಾರಣ ಕೊಟ್ಟು ವಿಳಂಬ ಮನ್ನಾ ಅರ್ಜಿ ಸೇರಿಸಿ. ನಿಯಮಾವಳಿ, ಸದಸ್ಯರ ಪಟ್ಟಿ, ಸಭೆಯ ನೋಟಿಸು, ಹಾಜರಿ ಸಹಿ, ಠರಾವಿನ ನಕಲು, ಹೊಸಬರ ಒಪ್ಪಿಗೆ ಪತ್ರ ಜತೆಗಿರಲಿ. ನಡಾವಳಿ ಕನ್ನಡದಲ್ಲಿದ್ದರೆ ಮರಾಠಿ ಇಲ್ಲವೇ ಇಂಗ್ಲಿಷ್ ಅನುವಾದವನ್ನೂ ಇಡಿ.

ಕೇಸು ಮುಗ್ಗರಿಸುವುದು ಹೆಚ್ಚಾಗಿ ನೋಟಿಸಿನಲ್ಲಿ. ಎಲ್ಲರಿಗೂ ಹೇಳಿದ್ದೆವು ಎಂದರೆ ಸಾಲದು. ಅಂಚೆ ರಸೀದಿಯೋ ಕೈಸಹಿಯೋ ಬೇಕು. ನಿಯಮಾವಳಿಯಲ್ಲಿ ಇಲ್ಲದಿದ್ದರೆ ವಾಟ್ಸಾಪ್ ಸಂದೇಶವನ್ನು ನಂಬಿ ಕೂರಬೇಡಿ. ಇನ್ನೊಂದು ಗುಂಡಿ, ಚಂದಾ: 3 ತಿಂಗಳಿಗಿಂತ ಹೆಚ್ಚು ಬಾಕಿ ಇಟ್ಟವರಿಗೆ ಮತವಿಲ್ಲ, ಅವರನ್ನು ಸದಸ್ಯರೆಂದು ಎಣಿಸುವಂತೆಯೂ ಇಲ್ಲ. ಕೋರಂ ಲೆಕ್ಕ ಅಲ್ಲಿಯೇ ತಪ್ಪುತ್ತದೆ. ಹಿಂದಿನ ಚುನಾವಣೆಗಳ ಚೇಂಜ್ ರಿಪೋರ್ಟುಗಳು ಬಾಕಿ ಇವೆಯೇ ಎಂದೂ ನೋಡಿ. ಎಷ್ಟೋ ಸಂಘಗಳ ಉತಾರದಲ್ಲಿ ತೀರಿಕೊಂಡವರೇ ಇನ್ನೂ ಅಧ್ಯಕ್ಷರು! ನಡುವಿನ ಕೊಂಡಿ ಕಳಚಿದ್ದರೆ ನಿಮ್ಮ ಸಭೆ ಕರೆದವರಿಗೆ ಆ ಅಧಿಕಾರ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ.

ಸರ್ಕಾರದ ಕೈ ನಿಜಕ್ಕೂ ಉದ್ದವಿರುವುದು ಬೇರೆ ಕಡೆ. ಸದಸ್ಯರ ವಂತಿಗೆಯಿಂದ ಕಟ್ಟಿದ ಸಭಾಗೃಹವನ್ನು 3 ವರ್ಷಕ್ಕಿಂತ ಹೆಚ್ಚು ಅವಧಿಗೆ ಲೀಸ್ ಕೊಡಲೂ 36ನೇ ಕಲಮಿನಡಿ ಪೂರ್ವಾನುಮತಿ ಬೇಕು. ಇದು ಅತಿಯಾಯಿತು ಎಂದೇ ನಮಗೂ ಅನ್ನಿಸುತ್ತದೆ. ಲೆಕ್ಕಪತ್ರ ಸಲ್ಲಿಸಲು ಪದೇಪದೇ ತಪ್ಪಿದರೆ 41ಡಿ ಅಡಿ ಪದಾಧಿಕಾರಿಗಳನ್ನು ತೆಗೆಯಲೂಬಹುದು.

ಪುಸ್ತಕಗಳಿಗಾಗಿ ಮೊದಲು ಹಳಬರಿಗೆ ರಿಜಿಸ್ಟರ್ಡ್ ಪತ್ರ ಹಾಕಿ, ಆಮೇಲೆ 41ಎ ಅಡಿ ಚಾರಿಟಿ ಕಮಿಷನರರಿಂದ ನಿರ್ದೇಶನ ಕೋರಿ. ಗೆದ್ದವರು ಯಾರೆಂಬ ತಕರಾರನ್ನು ಮಾತ್ರ ಆ ಅರ್ಜಿಗೆ ಬೆರೆಸಬೇಡಿ. ಅದರ ಜಾಗ ಚೇಂಜ್ ರಿಪೋರ್ಟಿನ ವಿಚಾರಣೆ. ಅಲ್ಲಿ ಸೋತರೆ ಮೇಲ್ಮನವಿಗೆ 60 ದಿನಗಳಿವೆ.