ಅಧ್ಯಕ್ಷೆಯಾಗಲೋ ಬೇಡವೋ?

ಪ್ರಶ್ನೆ: ನಮ್ಮೂರಿನ ನೋಂದಾಯಿತ ಮಹಿಳಾ ಸಮಾಜಕ್ಕೆ ಈ ಸಲ ನೀವೇ ಅಧ್ಯಕ್ಷೆಯಾಗಿ ಎಂದು ಎಲ್ಲರೂ ದುಂಬಾಲು ಬಿದ್ದಿದ್ದಾರೆ. ಆಸೆಯಿದೆ, ಹೆದರಿಕೆಯೂ ಇದೆ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ. ಒಪ್ಪಿಕೊಳ್ಳಲೇ?
– ಓದುಗರೊಬ್ಬರು, ಸಾಗರ

ಉತ್ತರ: ಒಪ್ಪುವ ಮೊದಲು ಒಂದು ಮಧ್ಯಾಹ್ನ ಸಮಾಜದ ಬೀರು ತೆಗೆಸಿ ನೋಡಿ. ತಮಾಷೆಯಲ್ಲ. ನಾನು ನಮ್ಮ ಸಮಾಜದ ಕಾರ್ಯದರ್ಶಿಯಾದಾಗ ಹಾರ ಹಾಕಿಸಿಕೊಂಡ ಮೇಲೇ ಬೀರು ತೆಗೆದಿದ್ದು. ಒಳಗೆ ಅರಿಶಿನ ಕುಂಕುಮದ ತಟ್ಟೆ, ಎರಡು ಹರಿದ ಜಮಖಾನೆ, ಬಿಲ್ಲು ತುರುಕಿದ ಬಿಸ್ಕತ್ತಿನ ಡಬ್ಬಿ. ಎರಡು ವರ್ಷದ ಲೆಕ್ಕ ಆಡಿಟ್ ಆಗಿರಲಿಲ್ಲ! ಮೊದಲ ಆರು ತಿಂಗಳು ಅದೇ ಕೆಲಸವಾಯಿತು.

1960ರ ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಬೇಕು. ಆಮೇಲೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಬೈಲಾ (ಸಮಾಜದ ನಿಯಮಾವಳಿ), ಸಭೆಗಳ ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕು ಮೂರನ್ನೂ ಕೇಳಿ ಪಡೆದು ಓದಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು, ಅಲ್ವಾ?

ಇನ್ನು ಅತ್ತೆಯ ವಿಚಾರ. ಸಭೆಗೆ ತಿಂಗಳಿಗೆ ಎರಡು ಮಧ್ಯಾಹ್ನ ಸಾಕು, ಆದರೆ ಫೋನು ದಿನವೂ ಬರುತ್ತದೆ. ದಸರಾ ಬೊಂಬೆ ಸ್ಪರ್ಧೆ ಹತ್ತಿರ ಬಂದರಂತೂ ಕೇಳುವುದೇ ಬೇಡ. ಗಟ್ಟಿ ಖಜಾಂಚಿಯೊಬ್ಬರು ಜೊತೆಗಿದ್ದರೆ ಧೈರ್ಯವಾಗಿ ಒಪ್ಪಿಕೊಳ್ಳಿ. ‘ನೀವು ಸುಮ್ನೆ ಹೆಸರಿಗೆ ಇರಿ, ನಾವು ನೋಡ್ಕೋತೀವಿ’ ಎನ್ನುವವರಿದ್ದರೆ ಬೇಡ. ಕಾಗದದ ಮೇಲೆ ಸಹಿ ನಿಮ್ಮದೇ ಇರುತ್ತದೆ. ಈ ವರ್ಷ ಕಷ್ಟ ಎನಿಸಿದರೆ ಉಪಾಧ್ಯಕ್ಷೆಯಾಗುತ್ತೇನೆ ಎನ್ನಿ. ಆ ಕುರ್ಚಿಗೆ ಜಾಸ್ತಿ ಪೈಪೋಟಿ ಇರುವುದಿಲ್ಲ.