ಮಂಚ ಖಾಲಿ ಇತ್ತು ಅಂತ ಅಣ್ಣ ಬೈದ, ಆಯಿ ಮಾತ್ರ ಅವತ್ತೇ ನಕ್ಕಿದ್ದು

ಪ್ರಶ್ನೆ: ಅಕ್ಕಾ, ನಾನು ಹುಬ್ಬಳ್ಳಿಯಲ್ಲಿ ಟೀಚರ್. ನಮ್ಮ ಆಯಿಗೆ, ಅಂದ್ರೆ ಅಮ್ಮಂಗೆ, 79 ವರ್ಷ, ಅಂಕೋಲಾ ಹತ್ರದ ಊರಲ್ಲಿ ಒಬ್ಳೇ ಇರ್ತಾಳೆ. ದೀಪಾವಳಿ ಆದ್ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು, ಆಪರೇಶನ್ ಆಯ್ತು. ಆಮೇಲೆ ಐದು ತಿಂಗಳಿಂದ ಹಗಲು ರಾತ್ರಿ ಇರೋ ಒಬ್ರು ಹೋಮ್ ನರ್ಸ್ ಇಟ್ಟಿದೀವಿ, ಒಳ್ಳೇ ಹೆಂಗಸು, ಕೈ ಶುದ್ಧ. ಪುಣೆಯಲ್ಲಿರೋ ಅಣ್ಣ ಮನೆಯೊಳಗೆ ಕ್ಯಾಮೆರಾ ಹಾಕ್ಸಿದಾನೆ. ಕೋಲು ಹಿಡ್ಕೊಂಡು ಓಡಾಡ್ಬಹುದು ಅಂತ ಡಾಕ್ಟರ್ ಹೇಳಿ ಎರಡು ತಿಂಗಳಾಯ್ತು, ಆದ್ರೂ ಹೊಸಿಲು ದಾಟಿಸ್ಬಾರ್ದು ಅಂತ ನಮ್ಮ ರೂಲು. ಹೋದ ವಾರ ಹೋಮ್ ನರ್ಸ್ ಆಯೀನ ಪಕ್ಕದ ಮನೆಗೆ ಹಲಸಿನ ಹಪ್ಪಳ ಮಾಡೋಕೆ ಕರ್ಕೊಂಡು ಹೋಗಿದ್ರು. ಅಣ್ಣ ಕ್ಯಾಮೆರಾದಲ್ಲಿ ಖಾಲಿ ಮಂಚ ನೋಡಿ ಅವರಿಗೆ ಬಾಯಿಗೆ ಬಂದಹಾಗೆ ಬೈದ. ಅವ್ರು ತಿಂಗಳ ಕೊನೆಗೆ ಬಿಡ್ತೀನಿ ಅಂತಿದಾರೆ. ಅಣ್ಣ ಆಯೀನ ಪುಣೆಗೆ ಕರ್ಕೊಂಡು ಹೋಗ್ತೀನಿ ಅಂತಾನೆ. ಹಪ್ಪಳ ಮಾಡಿ ಬಂದ ರಾತ್ರಿ ಆಯಿ ಫೋನಲ್ಲಿ ಎಷ್ಟೋ ದಿನದ ಮೇಲೆ ನಕ್ಕಿದ್ಲು, ಈಗ ಮತ್ತೆ "ನಂಗೆ ಊರಲ್ಲಿದ್ದೂ ಊರಿಲ್ಲ, ಮಂಚ ಒಂದೇ" ಅಂತಾಳೆ. ಅಂಕೋಲೆಯ ಶಾಂತಾದುರ್ಗೆ ಜಾತ್ರೆ, ಬಂಡಿಹಬ್ಬಕ್ಕೆ ಹೋಗ್ಬೇಕಂತೆ. ಮತ್ತೆ ಬಿದ್ರೆ ಎಲ್ಲರೂ ನನ್ನನ್ನೇ ಅಂತಾರೆ. ಏನ್ ಮಾಡ್ಲಿ?

ಉತ್ತರ: ತಂಗಿ, ಮೊದ್ಲು ಒಂದು ಕೆಲ್ಸ ಮಾಡು, ಇದನ್ನ ಪೂರ್ತಿ ಓದೋಕೂ ಮುಂಚೆ ಆ ಹೋಮ್ ನರ್ಸ್‌ಗೆ ಫೋನ್ ಮಾಡಿ ನಮ್ಮದು ತಪ್ಪಾಯ್ತು ಅನ್ನು. ನೀನು ಬೈದಿಲ್ಲ, ಗೊತ್ತು, ಆದ್ರೂ ಹೊಸಿಲು ದಾಟಿಸ್ಬೇಡಿ ಅನ್ನೋ ರೂಲು ನಿಮ್ಮಿಬ್ರದ್ದೂ ತಾನೆ. ಐದು ತಿಂಗಳಲ್ಲಿ ನೀವು ಯಾರೂ ಮಾಡ್ದೇ ಇರೋ ಕೆಲ್ಸ ಅವ್ರು ಒಂದು ಮಧ್ಯಾಹ್ನ ಮಾಡಿದಾರೆ. ನಿನ್ನ ಪತ್ರದ ತುಂಬಾ ಮುರಿದ ಮೂಳೆ, ಕ್ಯಾಮೆರಾ, ಬೈಗುಳ, ಭಯ, ಆಯಿ ನಕ್ಕಿದ್ದು ಮಾತ್ರ ಒಂದೇ ಸಾಲಲ್ಲಿ ಬಂದು ಹೋಗಿದೆ, ಅದೂ ಆ ಹಪ್ಪಳದ ದಿನ.

ನಿನ್ನ ಭಯ ಸುಳ್ಳು ಅಂತ ನಾನು ಹೇಳಲ್ಲ. ಒಂದ್ಸಲ ಬಿದ್ದವ್ರು ಮತ್ತೆ ಬೀಳೋ ಸಾಧ್ಯತೆ ಇದ್ದೇ ಇದೆ, ಆಯಿ ಬೀಳಲ್ಲ ಅಂತ ಯಾರೂ ಬರ್ಕೊಡೋಕಾಗಲ್ಲ. ಆದ್ರೆ ಮಂಚದ ಮೇಲೆ ಕೂರಿಸಿದ್ರೆ ಸೇಫು ಅಂತ ನೀವಿಬ್ರೂ ಅಂದ್ಕೊಂಡಿದೀರಲ್ಲ, ಅಲ್ಲೇ ಲೆಕ್ಕ ತಪ್ಪಿರೋದು. ವಯಸ್ಸಾದ ದೇಹ ಕೂತಲ್ಲೇ ಕೂತ್ರೆ ತೊಡೆ ಮತ್ತು ಕಾಲಿನ ಸ್ನಾಯು ಬೇಗ ಬೇಗ ಕರಗತ್ತೆ, ಶಕ್ತಿ ಇಲ್ಲ ಅಂತ ಇನ್ನೂ ಕಡಿಮೆ ನಡೀತಾರೆ, ನಡೀದೆ ಇದ್ದಿದ್ದಕ್ಕೆ ಬ್ಯಾಲೆನ್ಸ್ ಹೋಗತ್ತೆ, ಆಮೇಲೆ ಒಂದು ರಾತ್ರಿ ಬಚ್ಚಲಿಗೆ ಅಂತ ಎದ್ದಾಗ ಬೀಳ್ತಾರೆ. ಸೊಂಟದ ಆಪರೇಶನ್ ಆದವ್ರನ್ನ ಆದಷ್ಟು ಬೇಗ, ಸಾಧ್ಯ ಆದ್ರೆ ಮಾರನೇ ದಿನವೇ, ಎಬ್ಬಿಸಿ ನಿಲ್ಲಿಸೋಕೆ ಆಸ್ಪತ್ರೆಯಲ್ಲಿ ಯಾಕೆ ನೋಡ್ತಾರೆ ಹೇಳು? ಡಾಕ್ಟರ್ ನಡೀಲಿ ಅಂದ್ಮೇಲೂ ನಡೆಯೋಕೆ ಬಿಡ್ದೇ ಇರೋದು ಮುಂದಿನ ಬೀಳೋದಕ್ಕೆ ನಾವೇ ತಯಾರಿ ಮಾಡಿದ ಹಾಗೆ.

ನಾನೂ ಈ ತಪ್ಪು ಮಾಡಿದವಳೇ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು. ನಮ್ಮತ್ತೆಗೆ ಕೈ ನಡುಗ್ತಿತ್ತು, ಮೀನು ಹೆಚ್ಚುವಾಗ ಕೈ ಕೊಯ್ಕೊಂಡ್ರೆ ಅಂತ ಮೊದ್ಲು ಈಳಿಗೆ ತೆಗ್ದಿಟ್ಟೆ, ಆಮೇಲೆ ಒಲೆ ಹತ್ರ ಬರ್ಬೇಡಿ ಅಂದೆ, ಆಮೇಲೆ ಹೂವಿನ ಗಿಡಕ್ಕೆ ನೀರು ಹಾಕೋಕೆ ಹೋಗ್ಬೇಡಿ ಅಂಗಳ ಜಾರತ್ತೆ ಅಂದೆ, ಒಂದೊಂದೂ ಪ್ರೀತಿಯಿಂದ್ಲೇ ಅಂದಿದ್ದು. ಒಂದು ವರ್ಷದಲ್ಲಿ ಅವ್ರು "ಈಗ ಊಟ ಮಾಡ್ಲಾ" ಅಂತ ನನ್ನನ್ನ ಕೇಳಿ ಊಟ ಮಾಡೋ ಹಾಗಾದ್ರು. ನಮ್ಮನೇಲಿ ಎಲ್ಲರಿಗೂ ಬಡಿಸಿ ಬೆಳೆಸಿದ ಹೆಂಗಸು. ಅದು ನೆನಪಾದ್ರೆ ಈಗ್ಲೂ ಗಂಟಲು ಕಟ್ಟತ್ತೆ ನಂಗೆ.

ಹಾಗಾಗಿ ಹೋಮ್ ನರ್ಸ್ ಇಟ್ಟಿರೋದು ಯಾಕೆ ಅಂತ ನೀನೂ ಅಣ್ಣನೂ ಕೂತು ಮತ್ತೆ ಮಾತಾಡಿ. ಮಾತ್ರೆ ಕೊಡೋದು, ಮೀಸೋದು, ಬಿಪಿ ನೋಡೋದು ಎಲ್ಲಾ ಬೇಕು, ಆದ್ರೆ ಅದೆಲ್ಲಾ ಯಾಕೆ ಬೇಕು ಅಂದ್ರೆ ಆಯಿ ತನ್ನ ಊರಲ್ಲಿ ತನ್ನ ದಿನ ಕಳೀಬೇಕು ಅಂತ. ಬೆಳಿಗ್ಗೆ ಮೀನಿನ ಬುಟ್ಟಿ ಬಂದಾಗ ಒಳಗಿಂದ ಹೋಮ್ ನರ್ಸ್ ಹೋಗಿ ತಗೊಂಡ್ ಬರೋದಲ್ಲ, ಆಯಿ ಜಗಲಿಯಲ್ಲಿ ಕುರ್ಚಿ ಹಾಕ್ಕೊಂಡು ಕೂತು ಬಂಗಡೆ ಕಿವಿರು ಎತ್ತಿ ನೋಡಿ, ಇಷ್ಟು ಶೆಟ್ಲಿಗೆ (ಸೀಗಡಿಗೆ) ಇಷ್ಟಾ ಅಂತ ಚೌಕಾಸಿ ಮಾಡಿ, ತನ್ನ ಕೈಯಿಂದ ದುಡ್ಡು ಕೊಡ್ಬೇಕು. ಆ ಹತ್ತು ನಿಮಿಷದಲ್ಲಿ ಊರಿನ ಸುದ್ದಿ ಎಲ್ಲಾ ಬರತ್ತೆ, ಯಾರಿಗೆ ಮಗು ಆಯ್ತು, ಯಾರ ಮನೆ ಮಾವು ಈ ಸಲ ಹಿಡಿದಿದೆ ಅಂತ. ದುಡ್ಡು ಆಯಿ ಕೈಯಲ್ಲಿ ಇದೆಯಾ ಅಂತ ವಿಚಾರ್ಸು, ಎಷ್ಟೋ ಮನೇಲಿ ಖರ್ಚಿನ ದುಡ್ಡು ಹೋಮ್ ನರ್ಸ್ ಫೋನಿಗೆ ಹೋಗತ್ತೆ, ಮನೆ ಯಜಮಾನತಿ ಹತ್ರ ಹತ್ತು ರೂಪಾಯಿ ಇರಲ್ಲ.

ಹಪ್ಪಳದ್ದೂ ಅಷ್ಟೇ. ಎಪ್ರಿಲ್ ಮೇ ಅಂದ್ರೆ ನಮ್ಮ ಕಡೆ ತೊಳೆ ಬೇಯ್ಸಿ ಕುಟ್ಟಿ ಉಂಡೆ ಕಟ್ಟಿ ಒತ್ತಿ ಚಾಪೆ ಮೇಲೆ ಹಾಕೋ ದಿನ, ಒಬ್ಬರ ಮನೆಯದ್ದು ಮುಗಿದ್ರೆ ಇನ್ನೊಬ್ಬರ ಮನೆಯದ್ದು. ಕುಟ್ಟೋಕೆ ಆಯಿಗೆ ಆಗಲ್ಲ ಸರಿ, ಉಪ್ಪು ಖಾರ ಸರಿ ಇದೆಯಾ, ತೊಳೆ ಎಷ್ಟು ಬಲಿತಿರ್ಬೇಕು ಅಂತ ಹೇಳೋಕೆ ಆ ಕೇರಿಯಲ್ಲಿ ಅವಳಷ್ಟು ತಿಳಿದವ್ರು ಎಷ್ಟು ಜನ ಉಳಿದಿದಾರೆ? ನಿಮ್ಮ ತಾಲೂಕಿನವ್ರೇ, ಹೊನ್ನಳ್ಳಿಯ ತುಳಸಿ ಗೌಡರು, ಬಡಗೇರಿಯ ಸುಕ್ರಿ ಬೊಮ್ಮಗೌಡರು, ಒಬ್ರು 2024ರ ಡಿಸೆಂಬರ್‌ನಲ್ಲಿ, ಇನ್ನೊಬ್ರು 2025ರ ಫೆಬ್ರವರಿಯಲ್ಲಿ ತೀರ್ಕೊಂಡ್ರು, ಇಬ್ರಿಗೂ ಎಂಬತ್ತು ದಾಟಿತ್ತು. ಆ ವಯಸ್ಸಲ್ಲೂ ಜನ ಅವ್ರ ಮನೆ ಹುಡ್ಕೊಂಡು ಹೋಗ್ತಿದ್ರು, ಒಬ್ರ ಹತ್ರ ಗಿಡದ ವಿಷ್ಯ, ಇನ್ನೊಬ್ರ ಹತ್ರ ಹಾಲಕ್ಕಿ ಬುಡಕಟ್ಟಿನ ಹಾಡು ಕೇಳೋಕೆ. ಅವ್ರಿಬ್ರಿಗೆ ಬಂದ ಹಾಗೆ ಪದ್ಮಶ್ರೀ ಎಲ್ಲರಿಗೂ ಬರಲ್ಲ, ಆದ್ರೆ ಪಕ್ಕದ ಮನೆ ಸೊಸೆ ಬಂದು "ಅಮ್ಮಾ, ಹಿಟ್ಟು ಇಷ್ಟು ಗಟ್ಟಿ ಸಾಕಾ ನೋಡಿ" ಅಂತ ಕೇಳೋದು ನಿಮ್ಮ ಆಯಿಗೆ ಊರಲ್ಲಿದ್ರೆ ಮಾತ್ರ ಸಿಗೋದು.

ಈಗ ಸ್ವಲ್ಪ ಗಟ್ಟಿ ವಿಚಾರ. ಆಪರೇಶನ್ ಮಾಡಿದ ಡಾಕ್ಟರ್ ಹತ್ರ ಹೋಗಿ ಕೀಲು ಬದಲಾಯ್ಸಿದ್ದಾ, ಇಲ್ಲ ರಾಡು ಸ್ಕ್ರೂ ಹಾಕಿದ್ದಾ ಅಂತ ಸರಿಯಾಗಿ ಕೇಳ್ಕೋ. ಕೀಲು ಬದಲಾಯ್ಸಿದ್ರೆ ಕೆಳಗೆ ಚಕ್ಕಳಮಕ್ಕಳ ಕೂರೋದು, ಮಣೆ ಮೇಲೆ ಕೂರೋದು, ತುಂಬಾ ಬಗ್ಗೋದು ಸಾಮಾನ್ಯವಾಗಿ ಬೇಡ ಅಂತಾರೆ, ಹಾಗಿದ್ರೆ ಪಕ್ಕದ ಮನೇಲೂ ಒಂದು ಎತ್ತರದ, ಕೈ ಇರೋ ಕುರ್ಚಿ ನಿಮ್ಮದೇ ಇಟ್ಬಿಡು, ಹಪ್ಪಳ ಒತ್ತೋ ಮೇಜು ಅದರ ಮುಂದೆ. ಫಿಸಿಯೋಥೆರಪಿಯವ್ರು ಹೇಳ್ಕೊಟ್ಟಿದ್ದನ್ನ ಹೋಮ್ ನರ್ಸ್ ದಿನಾ ಮಾಡಿಸ್ಲಿ, ಕುರ್ಚಿಯಿಂದ ಎದ್ದು ಕೂರೋದು ಅಂತೂ ಬಿಡ್ಬಾರ್ದು. ಬಿಪಿ ಮಾತ್ರೆ ತಗೊಳ್ಳೋರಿಗೆ ಫಕ್ಕನೆ ಎದ್ರೆ ತಲೆ ಸುತ್ತತ್ತೆ, ಅದಕ್ಕೆ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು ಆಮೇಲೆ ಏಳ್ಬೇಕು. ಕಣ್ಣು ತೋರಿಸಿ ಎಷ್ಟು ವರ್ಷ ಆಯ್ತು? ಪೊರೆ ಇದ್ರೆ ಹೊಸಿಲೇ ಸರಿಯಾಗಿ ಕಾಣಲ್ಲ.

ಮನೆಗೆ ಖರ್ಚು ಮಾಡೋದಿದ್ರೆ ಕ್ಯಾಮೆರಾಕ್ಕಿಂತ ಮೊದ್ಲು ಬಚ್ಚಲಿಗೆ ಮಾಡ್ಬೇಕಿತ್ತು ಅಂತ ನಂಗೆ ಅನ್ಸತ್ತೆ. ಜಾರೋ ಹಾಸುಗಲ್ಲು ತೆಗ್ದು ಒರಟು ನೆಲ, ಹಿಡ್ಕೊಳ್ಳೋಕೆ ಗೋಡೆಗೆ ಸ್ಟೀಲ್ ಹಿಡಿಕೆ, ಚಿರೇಕಲ್ಲಿನ ಗೋಡೆ ಆದ್ರೆ ಬರೀ ಸ್ಕ್ರೂ ಹೊಡೆದು ಬಿಡ್ಬೇಡ, ಭಾರ ತಡೆಯೋ ಹಾಗೆ ಮೇಸ್ತ್ರಿ ಕೈಲಿ ಸಿಮೆಂಟ್ ಹಾಕಿ ಕೂರ್ಸು. ಮಂಚದಿಂದ ಬಚ್ಚಲವರೆಗೆ ರಾತ್ರಿ ಉರಿಯೋ ಸಣ್ಣ ಬಲ್ಬು. ಜಗಲಿ ಮೆಟ್ಟಿಲಿಗೆ ಎರಡೂ ಬದಿ ಪೈಪು. ಜೂನ್ ಬಂತು ಅಂದ್ರೆ ಅಂಗಳ ಪೂರ್ತಿ ಪಾಚಿ ಹಿಡಿಯತ್ತೆ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿದ್ರೂ ವಾರಕ್ಕೆ ಮತ್ತೆ ಬರತ್ತೆ, ಆ ನಾಲ್ಕು ತಿಂಗಳು ಆಯಿ ಹೊರಗೆ ಹೋಗೋದು ಕಡಿಮೆ ಆಗ್ಲಿ ಪರವಾಗಿಲ್ಲ, ಜನ ಒಳಗೆ ಬರೋ ಹಾಗೆ ಮಾಡು, ಸಾಯಂಕಾಲ ಚಾ ಕುಡಿಯೋಕೆ ಬನ್ನಿ ಅಂತ ಪಕ್ಕದವ್ರಿಗೆ ನೀನೇ ಹೇಳು. ಮಾತ್ರೆ ಒಂದು ತಿಂಗಳಿಗಾಗೋಷ್ಟು ಮನೇಲಿರ್ಲಿ, 2024ರ ಜುಲೈಯಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಎಷ್ಟೋ ದಿನ ಬಂದಾಗಿದ್ದು ನಿಂಗೆ ನೆನಪಿರತ್ತೆ.

ಕ್ಯಾಮೆರಾ ಬಗ್ಗೆ ಅಣ್ಣಂಗೆ ಬೇಜಾರಾದ್ರೂ ಹೇಳ್ತೀನಿ. ಆಯಿ ಸೀರೆ ಬದಲಾಯ್ಸೋ, ಮಲಗೋ ಕೋಣೆಯಲ್ಲಿ ಅದು ಇರ್ಬಾರ್ದು. ಇಡ್ಲೇಬೇಕು ಅಂದ್ರೆ ಆಯೀನ ಕೇಳಿ ಹೆಬ್ಬಾಗಿಲ ಹತ್ರ ಇಡಿ. ಅವನು ದೂರ ಇದಾನೆ, ಅವನಿಗೆ ಆಯಿ ಅಂದ್ರೆ ಈಗ ಆ ಸ್ಕ್ರೀನಲ್ಲಿ ಕಾಣೋ ಮಂಚ ಅಷ್ಟೇ, ಅದು ಖಾಲಿ ಆದ್ರೆ ಎದೆ ಒಡೆಯತ್ತೆ, ಆ ಭಯ ನಂಗೆ ಅರ್ಥ ಆಗತ್ತೆ. ಅದಕ್ಕೆ ಮದ್ದು ಬೈಯೋದಲ್ಲ. ಆಯಿ ಹೊರಗೆ ಹೊರಟಾಗ ಹೋಮ್ ನರ್ಸ್ ಒಂದು ವಾಯ್ಸ್ ಮೆಸೇಜ್ ಹಾಕ್ಲಿ, ಬರುವಾಗ ಇನ್ನೊಂದು. ಮುಂದಿನ ರಜೆಗೆ ಅವನು ಬಂದು ಒಂದು ವಾರ ಹೋಮ್ ನರ್ಸ್‌ಗೆ ರಜೆ ಕೊಟ್ಟು ತಾನೇ ಆಯಿ ಜೊತೆ ಇರ್ಲಿ, ಪಕ್ಕದ ಮನೆಗೆ ತಾನೇ ಕೈ ಹಿಡ್ದು ಕರ್ಕೊಂಡು ಹೋಗ್ಲಿ.

ಪುಣೆ ವಿಷಯ ನಾನು ಸುತ್ತಿ ಬಳಸಿ ಹೇಳಲ್ಲ, ಆಯಿ ಬೇಡ ಅಂದಿದ್ರೆ ಬೇಡ. ಅಲ್ಲಿ ಲಿಫ್ಟ್ ಇರತ್ತೆ, ದೊಡ್ಡ ಆಸ್ಪತ್ರೆ ಇರತ್ತೆ, ಹಗಲೆಲ್ಲಾ ಅವ್ರು ಆಫೀಸಿಗೆ ಹೋದ್ಮೇಲೆ ಅಲ್ಲೂ ಒಬ್ರು ಕೆಲ್ಸದವ್ರೇ ಇರೋದು, ಭಾಷೆ ಬೇರೆ. ಮುಂದೆ ನಿಜವಾಗ್ಲೂ ಊರಲ್ಲಿ ಆಗೋದೇ ಇಲ್ಲ ಅನ್ನೋ ದಿನ ಬಂದ್ರೆ ಆಗ ಆಯೀನೂ ಕೂರ್ಸ್ಕೊಂಡು ಮಾತಾಡಿ, ಈಗ ಆ ದಿನ ಬಂದಿಲ್ಲ.

ಹೋಮ್ ನರ್ಸ್ ಉಳೀಬೇಕು ಅಂದ್ರೆ ಕ್ಷಮೆ ಒಂದೇ ಸಾಕಾಗಲ್ಲ. ಐದು ತಿಂಗಳಿಂದ ಹಗಲು ರಾತ್ರಿ ಇದಾರೆ ಅಂದ್ಯಲ್ಲ, ವಾರಕ್ಕೊಂದು ದಿನ ರಜೆ ಇದೆಯಾ? ಪತ್ರದಲ್ಲಿ ಎಲ್ಲೂ ಕಾಣ್ಲಿಲ್ಲ. ರಾತ್ರಿ ನಾಲ್ಕು ಸಲ ಎದ್ದ ಹೆಂಗಸು ಬೆಳಿಗ್ಗೆ ನಗ್ತಾ ಇರೋಕಾಗಲ್ಲ. ಊರಲ್ಲೇ ಇನ್ನೊಬ್ರನ್ನ ವಾರಕ್ಕೆ ಒಂದು ದಿನ, ಮಧ್ಯೆ ಒಂದೆರಡು ಗಂಟೆ ಬರೋ ಹಾಗೆ ಸಂಬಳ ಕೊಟ್ಟು ಗೊತ್ತು ಮಾಡು, ಇವ್ರು ಜ್ವರ ಬಂದು ಮಲಗಿದ್ರೂ ಆಗ ಕಷ್ಟ ಆಗಲ್ಲ. ಸಂಬಳ ತಾರೀಕಿಗೆ ಸರಿಯಾಗಿ ಹೋಗ್ಲಿ. ಹಿರಿಯರಿಗೆ ಅಂತಲೇ 14567 ಅನ್ನೋ ಸಹಾಯವಾಣಿ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಫ್ರೀ, ಆಯಿ ಫೋನಲ್ಲಿ ಸೇವ್ ಮಾಡಿ ಹೇಗೆ ಒತ್ತೋದು ಅಂತ ತೋರ್ಸಿಡು. ಈ ಹೆಂಗಸಿನ ಮೇಲೆ ಸಂಶಯ ಅಂತ ಅಲ್ಲ, ಯಾರೇ ಬಂದ್ರೂ ಇರ್ಲಿ.

ಇನ್ನು ಬಂಡಿಹಬ್ಬ. ವೈಶಾಖ ಹುಣ್ಣಿಮೆ ಸಾಯಂಕಾಲ ಅಂಕೋಲೆಯ ಆ ಜನಸಾಗರದೊಳಗೆ ಕೋಲು ಹಿಡ್ದ ಆಯೀನ ನಿಲ್ಲಿಸೋಕೆ ಆಗಲ್ಲ, ಅದು ಅವಳಿಗೂ ಗೊತ್ತು, ಕೇಳಿ ನೋಡು. ಅವಳಿಗೆ ಬೇಕಾಗಿರೋದು ಶಾಂತಾದುರ್ಗೆಗೆ ಕೈ ಮುಗಿಯೋದು, ನಾಲ್ಕು ಜನ ಪರಿಚಯದವ್ರು "ಓ, ಬಂದ್ಯನೇ" ಅನ್ನೋದು. ಬಸ್ಸು ಹೆಂಗಸರಿಗೆ ಫ್ರೀ ಆದ್ರೂ ಮೆಟ್ಟಿಲು ಎತ್ತರ, ಅದು ಬೇಡ, ಊರಿನ ಆಟೋದವ್ರಿಗೆ ಮುಂಚೇನೇ ಹೇಳಿಟ್ಟು ಬೆಳಿಗ್ಗೆ ಬೇಗ, ಜನ ಸೇರೋ ಮೊದ್ಲೇ ಹೋಗಿ ಬನ್ನಿ, ಮಡಚೋ ಕುರ್ಚಿ ಒಂದು ಆಟೋದಲ್ಲಿರ್ಲಿ. ನೀನು ಅರಬೈಲ್ ಘಟ್ಟ ಇಳಿದು ಎರಡು ದಿನ ಮೊದ್ಲೇ ಬಂದ್ಬಿಡು. ಯಾವ ಸೀರೆ ಉಡೋದು ಅಂತ ಆಯೀನೇ ಹೇಳ್ಲಿ, ಅಬ್ಬಲಿಗೆ ಹೂ ತಂದು ಕೊಟ್ರೆ ದಂಡೆ ಅವಳೇ ಕಟ್ತಾಳೆ, ನಿಂಗೊಂದು, ಹೋಮ್ ನರ್ಸ್‌ಗೂ ಒಂದು.